‘ಓನ್ಲಿ’ ಎಲ್ಲಿ ಕೂರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷಿನೊಂದಿಗೆ ಸೆಣಸುತ್ತಿರುವವರಿಗೆ ಸಂಜೆಯ ಹೊತ್ತು ಪಾಠ ಹೇಳುತ್ತೇನೆ. ಬರುವವರಲ್ಲಿ ಬಹುಪಾಲು ಮಂದಿಗೆ ‘ಹ್ಯಾವ್ ಬೀನ್’, ‘ಹ್ಯಾಡ್ ಬೀನ್’ಗಳ ಭಯ. ಅವು ಆರು ವಾರದಲ್ಲಿ ಹಿಡಿತಕ್ಕೆ ಸಿಗುತ್ತವೆ. ಅವರ ಇಮೇಲ್ ತಿದ್ದುವಾಗ ನನ್ನ ಪೆನ್ನು ಮತ್ತೆ ಮತ್ತೆ ತಡವರಿಸುವುದು ಯಾರೂ ಹೆದರದ ಒಂದು ಪುಟ್ಟ ಪದದ ಹತ್ತಿರ. ಅದೇ ‘ಓನ್ಲಿ’. ಈ ಪದದ ಬಗ್ಗೆ ತರಗತಿಯಲ್ಲಿ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

‘ಓನ್ಲಿ’ ಎಂದರೆ ‘ಮಾತ್ರ’ ತಾನೇ? ಇದರಲ್ಲಿ ಕೇಳುವುದೇನಿದೆ?

ಅರ್ಧ ಸರಿ. ಮದುವೆ ಮನೆಯಿಂದ ಬಂದವರು “ಊಟ ಮಾತ್ರ ಚೆನ್ನಾಗಿತ್ತು” ಎನ್ನುತ್ತಾರೆ. ಅದರಲ್ಲಿ ಮೆಚ್ಚುಗೆ ಇದೆ. ಬೇರೆ ವಿಷಯ ಏನೇ ಇರಲಿ, ಊಟದ ಬಗ್ಗೆ ಎರಡು ಮಾತಿಲ್ಲ ಎಂಬ ಧ್ವನಿ ಇದೆ. ಇದನ್ನೇ ‘ಓನ್ಲಿ ದ ಫುಡ್ ವಾಸ್ ಗುಡ್’ ಎಂದು ಆತಿಥೇಯರಿಗೆ ಸಂದೇಶ ಕಳುಹಿಸಿ ನೋಡಿ. ಊಟ ಬಿಟ್ಟರೆ ಮಿಕ್ಕಿದ್ದೆಲ್ಲ ಕೆಟ್ಟದಾಗಿತ್ತು ಎಂದಾಗುತ್ತದೆ. ಮುಂದಿನ ಮದುವೆಗೆ ಕರೆಯೋಲೆ ಬರುವುದು ಅನುಮಾನ.

ಕಾರಣ ಇಷ್ಟೆ. ಕನ್ನಡದ ‘ಮಾತ್ರ’ಕ್ಕೆ ಎರಡು ಕೆಲಸ. ಒಂದು, ‘ಇದಲ್ಲದೆ ಬೇರೆ ಇಲ್ಲ’ ಎಂದು ಬೇಲಿ ಹಾಕುವುದು: “ಒಂದು ಕಿಲೋ ಮಾತ್ರ ಕೊಡಿ.” ಇನ್ನೊಂದು, ‘ಉಳಿದದ್ದು ಹೇಗೋ, ಇದಂತೂ ಹೀಗೆ’ ಎಂದು ಬೇರ್ಪಡಿಸಿ ತೋರಿಸುವುದು: “ನೀವೆಲ್ಲ ಹೋಗಿ, ನಾನು ಮಾತ್ರ ಬರುವುದಿಲ್ಲ.” ಇಂಗ್ಲಿಷಿನ ‘ಓನ್ಲಿ’ಗೆ ಮೊದಲನೆಯ ಕೆಲಸ ಸಲೀಸು. ಎರಡನೆಯದು ಅದರ ಕೈಲಾಗದು. ಅಲ್ಲಿ ‘ಆಸ್ ಫಾರ್ ಮಿ’ ಎಂದೋ ‘ದ ಫುಡ್, ದೋ, ವಾಸ್ ಎಕ್ಸಲೆಂಟ್’ ಎಂದೋ ದಾರಿ ಬದಲಿಸಬೇಕು.

ಈ ಪದ ಹುಟ್ಟಿದ್ದು ಹೇಗೆ?

ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದರೆ ಒಂದು. ಅದಕ್ಕೆ ‘ಅಂತಹ, ರೀತಿಯ’ ಎಂಬ ಅರ್ಥದ ‘ಲಿಚ್’ ಪ್ರತ್ಯಯ ಸೇರಿ ‘ಆನ್‌ಲಿಚ್’ ಆಯಿತು. ಅದೇ ಸವೆದು ಇಂದಿನ ‘ಓನ್ಲಿ’. ‘ಅಲೋನ್’ ಕೂಡ ಇದೇ ಮನೆತನದ್ದು. ‘ಆಲ್’ ಮತ್ತು ‘ಒನ್’ ಕೂಡಿದ ಪದ. ‘ಅಟೋನ್’ ಎಂಬುದು ‘ಆಟ್ ಒನ್’. ಇಲ್ಲೊಂದು ತಮಾಷೆ ಇದೆ. ಸಂಖ್ಯೆಯನ್ನು ಹೇಳುವ ಪದ ಮುಂದೆ ಎಲ್ಲಿಂದಲೋ ಒಂದು ವಕಾರ ಅಂಟಿಸಿಕೊಂಡು ‘ವನ್’ ಆಯಿತು. ಅದರ ಮಕ್ಕಳಾದ ಓನ್ಲಿ, ಅಲೋನ್, ಅಟೋನ್ ಮಾತ್ರ ಹಳೆಯ ಉಚ್ಚಾರವನ್ನೇ ಉಳಿಸಿಕೊಂಡಿವೆ. ಬರೆಯುವಾಗ ‘ಒ’, ಓದುವಾಗ ‘ವ’ ಏಕೆ ಎಂದು ಮಕ್ಕಳು ಕೇಳಿದರೆ ಇದನ್ನು ತೋರಿಸಬಹುದು.

ಇಂಗ್ಲಿಷಿನವರು ಎಣಿಕೆಯಿಂದ ಕಟ್ಟಿದ ಅರ್ಥವನ್ನು ನಾವು ಅಳತೆಯಿಂದ ಪಡೆದೆವು. ‘ಮಾತ್ರ’ ಸಂಸ್ಕೃತದಿಂದ ಬಂದದ್ದು. ಅಳತೆ, ಅಷ್ಟು ಪ್ರಮಾಣ ಎಂದು ಅರ್ಥ. ಛಂದಸ್ಸಿನ ಮಾತ್ರೆಯೂ ಔಷಧಿ ಅಂಗಡಿಯ ಮಾತ್ರೆಯೂ ಅದರ ಬಂಧುಗಳೇ. ‘ಬರೀ’ ಎಂಬುದು ಬರಿಗೈ, ಬರಿಗಾಲುಗಳ ‘ಬರಿ’; ಬೇರೇನೂ ಇಲ್ಲದ ಖಾಲಿತನ. ‘ಕೇವಲ’ಕ್ಕೆ ಒಂದು ಕಾಲದಲ್ಲಿ ಬಹಳ ಘನತೆ ಇತ್ತು. ಜೈನರ ಕೇವಲಜ್ಞಾನವೆಂದರೆ ಪರಿಪೂರ್ಣ ಜ್ಞಾನ. ಈಗ ಅದೇ ಪದ “ಕೇವಲ 99 ರೂಪಾಯಿಗೆ” ಎಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತಿದೆ. ಇಂಗ್ಲಿಷಿನ ದಾರಿಯಲ್ಲೇ ಹುಟ್ಟಿದ ಪದವೂ ನಮ್ಮಲ್ಲಿ ಇಲ್ಲದಿಲ್ಲ: ಒಂದು, ಅದಕ್ಕೊಂದು ‘ಏ’ ಸೇರಿ ‘ಒಂದೇ’.

ವಾಕ್ಯದಲ್ಲಿ ‘ಓನ್ಲಿ’ಯನ್ನು ಎಲ್ಲಿ ಇಡಬೇಕು?

ಇದೇ ನಿಜವಾದ ಪ್ರಶ್ನೆ. ಒಂದು ವಾಕ್ಯ ತೆಗೆದುಕೊಳ್ಳೋಣ: ‘ಗಿರಿಜಾ ಸೆಲ್ಸ್ ಇಡ್ಲಿ ಆನ್ ಸಂಡೇ.’ ಗಿರಿಜಾ ಭಾನುವಾರ ಇಡ್ಲಿ ಮಾರುತ್ತಾಳೆ. ಈಗ ‘ಓನ್ಲಿ’ಯನ್ನು ಒಂದೊಂದು ಕಡೆ ಕೂರಿಸುತ್ತಾ ಹೋಗೋಣ.

‘ಓನ್ಲಿ ಗಿರಿಜಾ ಸೆಲ್ಸ್ ಇಡ್ಲಿ ಆನ್ ಸಂಡೇ.’ ಭಾನುವಾರ ಇಡ್ಲಿ ಮಾರುವವಳು ಗಿರಿಜೆಯೊಬ್ಬಳೇ. ಬೇರೆ ಅಂಗಡಿಗಳು ಮುಚ್ಚಿರುತ್ತವೆ ಅಥವಾ ಅಲ್ಲಿ ಇಡ್ಲಿ ಸಿಗುವುದಿಲ್ಲ.

‘ಗಿರಿಜಾ ಸೆಲ್ಸ್ ಓನ್ಲಿ ಇಡ್ಲಿ ಆನ್ ಸಂಡೇ.’ ಭಾನುವಾರ ಆಕೆ ಮಾರುವುದು ಇಡ್ಲಿಯನ್ನಷ್ಟೇ. ದೋಸೆ ಬೇಕಿದ್ದರೆ ಸೋಮವಾರ ಬನ್ನಿ.

‘ಗಿರಿಜಾ ಸೆಲ್ಸ್ ಇಡ್ಲಿ ಓನ್ಲಿ ಆನ್ ಸಂಡೇ.’ ಇಡ್ಲಿ ಸಿಗುವುದು ಭಾನುವಾರ ಮಾತ್ರ. ‘ಆನ್ ಸಂಡೇ ಓನ್ಲಿ’ ಎಂದು ಕೊನೆಗೆ ಇಟ್ಟರೂ ಇದೇ ಅರ್ಥ.

ಇನ್ನು ಉಳಿದದ್ದು ‘ಗಿರಿಜಾ ಓನ್ಲಿ ಸೆಲ್ಸ್ ಇಡ್ಲಿ ಆನ್ ಸಂಡೇ.’ ತಂಟೆ ಇರುವುದು ಇಲ್ಲೇ. ಕ್ರಿಯಾಪದದ ಮುಂದೆ ಕೂತ ‘ಓನ್ಲಿ’ ತನ್ನ ಮುಂದಿರುವ ಯಾವುದರತ್ತ ಬೇಕಾದರೂ ಕೈಚಾಚಬಲ್ಲದು. ಮಾರುತ್ತಾಳೆ ಅಷ್ಟೇ, ರುಬ್ಬುವವರು ಬೇರೆ ಎಂದೂ ಆಗಬಹುದು. ಇಡ್ಲಿಯನ್ನಷ್ಟೇ ಎಂದೂ, ಭಾನುವಾರ ಮಾತ್ರ ಎಂದೂ ಆಗಬಹುದು. ಮಾತಿನಲ್ಲಾದರೆ ಒತ್ತು ಯಾವ ಪದದ ಮೇಲೆ ಬಿತ್ತು ಎಂದು ಕಿವಿಗೆ ತಿಳಿಯುತ್ತದೆ. ಕಾಗದದ ಮೇಲೆ ಒತ್ತು ಕಾಣುವುದಿಲ್ಲ.

ಕನ್ನಡಿಗರಿಗೆ ಇದು ಕಷ್ಟವಾಗುವುದು ಸಹಜ. ನಮ್ಮ ‘ಏ’, ‘ಅಷ್ಟೇ’, ‘ಮಾತ್ರ’ಗಳು ತಮಗೆ ಸೇರಿದ ಪದದ ಬೆನ್ನಿಗೇ ಅಂಟಿಕೊಳ್ಳುತ್ತವೆ. ಗಿರಿಜೆಯೇ, ಇಡ್ಲಿಯೇ, ಭಾನುವಾರವೇ, ಮಾರುವುದೇ. ಪದಗಳನ್ನು ಹೇಗೆ ಕಲಸಿದರೂ ‘ಏ’ ತನ್ನ ಪದವನ್ನು ಬಿಟ್ಟು ಕದಲುವುದಿಲ್ಲ. ಇಂಗ್ಲಿಷಿನ ‘ಓನ್ಲಿ’ ಹಾಗೆ ಅಂಟಿಕೊಂಡಿರುವ ಪದವಲ್ಲ; ಅದು ಎಲ್ಲಿ ಕುಳಿತಿದೆ ಎಂಬುದಕ್ಕಿಂತ ಯಾರನ್ನು ನೋಡುತ್ತಿದೆ ಎಂಬುದೇ ಮುಖ್ಯ. ಭಾಷಾವಿಜ್ಞಾನಿಗಳು ಇದನ್ನು ಒತ್ತಿನೊಂದಿಗಿನ ನಂಟು ಎನ್ನುತ್ತಾರೆ. ಮ್ಯಾಟ್ಸ್ ರೂತ್ ಎಂಬ ವಿದ್ವಾಂಸ 1985ರಲ್ಲಿ ಇದರ ಮೇಲೆಯೇ ಇಡೀ ಪಿಎಚ್‌ಡಿ ಪ್ರಬಂಧ ಬರೆದ. ಆದ್ದರಿಂದ ಒಂದು ಪುಟ್ಟ ಕ್ರಿಯಾವಿಶೇಷಣದ ಮುಂದೆ ತಲೆ ಕೆರೆದುಕೊಂಡರೆ ನಾಚಿಕೆ ಪಡಬೇಕಾಗಿಲ್ಲ.

ಬರೆಯುವಾಗ ನಾನು ಹೇಳಿಕೊಡುವ ಉಪಾಯ: ಮೊದಲು ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಮಾತ್ರ’ ಅಥವಾ ‘ಅಷ್ಟೇ’ ಯಾವ ಪದದ ಬೆನ್ನಿಗೆ ಬಂತೋ ಇಂಗ್ಲಿಷಿನಲ್ಲಿ ಅದೇ ಪದದ ಮುಂದೆ ‘ಓನ್ಲಿ’ಯನ್ನು ಇಡಿ. ನಮ್ಮದು ಹಿಂದೆ, ಅವರದು ಮುಂದೆ. ನಿಯಮವೆಂದರೆ ಅಷ್ಟೇ.

‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ತಪ್ಪು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ನಿಜವೇ?

ತಪ್ಪಲ್ಲ. ಮೇಷ್ಟ್ರ ಮಾತಿಗೂ ಒಂದು ಇತಿಹಾಸ ಇದೆ, ಹಾಗಾಗಿ ಅವರ ಮೇಲೆ ಸಿಟ್ಟಾಗಬೇಡಿ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 18ನೆಯ ಶತಮಾನದಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ‘ನಾನು ಮೂರೇ ಮಾತು ಆಡಿದೆ’ ಎನ್ನಬೇಕಾದಲ್ಲಿ ಜನ ‘ಓನ್ಲಿ’ಯನ್ನು ಕ್ರಿಯಾಪದದ ಮುಂದೆ ತಂದು ಕೂರಿಸುತ್ತಾರೆ, ಅದು ‘ಮೂರು’ ಎಂಬುದರ ಮುಂದೆ ಇರಬೇಕು ಎಂದು ಆಕ್ಷೇಪಿಸಿದ. ಅಲ್ಲಿಂದ ಅದು ಶಾಲೆಯಿಂದ ಶಾಲೆಗೆ, ಕೊನೆಗೆ ಹಡಗು ಹತ್ತಿ ನಮ್ಮ ಮೇಷ್ಟ್ರ ತನಕ ಬಂತು.

ಇದಕ್ಕೆ ಎದುರು ನಿಂತವನು ಎಚ್. ಡಬ್ಲ್ಯು. ಫೌಲರ್. 1926ರಲ್ಲಿ ಅಚ್ಚಾದ ತನ್ನ ಬಳಕೆಯ ಕೋಶದಲ್ಲಿ ‘ಹೀ ಓನ್ಲಿ ಡೈಡ್ ಎ ವೀಕ್ ಅಗೋ’ ಎಂಬ ವಾಕ್ಯವನ್ನು ಮುಂದಿಟ್ಟು, ಬಹುತೇಕ ಜನ ಹೀಗೆಯೇ ಆಡುತ್ತಾ ಬಂದಿದ್ದಾರೆ, ಅರ್ಥ ಕೆಡದ ಕಡೆ ಪದವನ್ನು ಎತ್ತಿಡುವ ಹಟ ಏಕೆ ಎಂದು ಕೇಳಿದ. ‘ಅವನು ಸತ್ತಿದ್ದಾನೆ ಅಷ್ಟೇ, ಬೇರೇನೂ ಮಾಡಿಲ್ಲ’ ಎಂದು ಈ ವಾಕ್ಯವನ್ನು ಯಾರಾದರೂ ಅರ್ಥ ಮಾಡಿಕೊಳ್ಳುತ್ತಾರೆಯೇ?

ನನ್ನ ನಿಲುವು ಫೌಲರನ ಕಡೆಗೆ. ಮಾತಿನಲ್ಲಿ ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಎನ್ನಿ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ಹಾಗೆಯೇ ಹೇಳುತ್ತಾರೆ. ಕರಾರು ಪತ್ರ, ಔಷಧಿಯ ಸೂಚನೆ, ಅರ್ಜಿ ನಮೂನೆಗಳಲ್ಲಿ ಮಾತ್ರ ಲೌತನ ಮಾತು ಕೇಳುವುದು ಕ್ಷೇಮ.

‘ಐ ಆಮ್ ಹಿಯರ್ ಓನ್ಲಿ’ ಎಂದರೆ ಎಲ್ಲರೂ ನಗುತ್ತಾರೆ. ಏಕೆ?

ನಗುವವರು ಅರ್ಧ ತಿಳಿದವರು. ನೀವು ಹೇಳಹೊರಟದ್ದು “ನಾನು ಇಲ್ಲೇ ಇದ್ದೇನೆ” ಎಂದು. ಆ ‘ಏ’ಯನ್ನು ನಮ್ಮ ವ್ಯಾಕರಣದಲ್ಲಿ ಅವಧಾರಣೆ ಎನ್ನುತ್ತಾರೆ. ಅಂದರೆ ‘ಖಚಿತವಾಗಿ ಇದು’ ಎಂದು ಬೆರಳಿಟ್ಟು ತೋರಿಸುವುದು. ಇನ್ನೆಲ್ಲೂ ಇಲ್ಲ ಎಂದು ಬೇಲಿ ಹಾಕುವುದು ಅದರ ಒಂದು ಕೆಲಸವಷ್ಟೇ. ಇಂಗ್ಲಿಷಿನಲ್ಲಿ ಈ ‘ಏ’ಗೆ ನೇರವಾದ ಪದ ಇಲ್ಲದ್ದರಿಂದ ಹತ್ತಿರ ಸಿಕ್ಕ ‘ಓನ್ಲಿ’ಯನ್ನು ತಂದು ಪದದ ಬೆನ್ನಿಗೆ ಅಂಟಿಸಿದ್ದೇವೆ. ‘ನಿನ್ನೆಯೇ ಹೇಳಿದೆ’ ಎಂಬುದು ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’ ಆಗುವುದು ಹೀಗೆ.

ಇದನ್ನು ಕನ್ನಡಿಗರು ಮಾತ್ರ ಮಾಡುವುದಲ್ಲ. ತೆಲುಗಿನ ‘ಏ’, ತಮಿಳಿನ ‘ತಾನ್’, ಮರಾಠಿಯ ‘ಚ’, ಹಿಂದಿಯ ‘ಹೀ’ ಎಲ್ಲವೂ ಪದದ ಹಿಂದೆ ಬಂದು ಇದೇ ಬಗೆಯ ಒತ್ತು ಕೊಡುತ್ತವೆ. ಇಷ್ಟು ಭಾಷೆಗಳು ಒಟ್ಟಾಗಿ ತಳ್ಳಿದರೆ ಇಂಗ್ಲಿಷಿನ ಒಂದು ಪದ ಜಾಗ ಬದಲಿಸದೆ ಇನ್ನೇನು ಮಾಡೀತು? ಹಾಗಾಗಿಯೇ ಭಾರತದ ಇಂಗ್ಲಿಷಿನಲ್ಲಿ ‘ಓನ್ಲಿ’ಗೆ ಒತ್ತು ಕೊಡುವ ಹೊಸ ಕೆಲಸ ಸಿಕ್ಕಿದೆ. ಭಾಷಾವಿಜ್ಞಾನಿಗಳು ಇದನ್ನು ತಪ್ಪುಗಳ ಪಟ್ಟಿಗೆ ಸೇರಿಸದೆ ಒಂದು ಬಳಕೆಯಾಗಿ ಅಧ್ಯಯನ ಮಾಡಿದ್ದಾರೆ. ‘ವೀ ಆರ್ ಲೈಕ್ ದಿಸ್ ಓನ್ಲಿ’ ಎಂದು ನಾವೇ ನಮ್ಮನ್ನು ಗೇಲಿ ಮಾಡಿಕೊಳ್ಳುವಾಗ ಬಳಸುವುದೂ ಈ ‘ಓನ್ಲಿ’ಯನ್ನೇ.

ಬೆಂಗಳೂರಿನವರೊಬ್ಬರು ಹುಬ್ಬಳ್ಳಿಯವರಿಗೋ ಚೆನ್ನೈಯವರಿಗೋ ಹೀಗೆ ಹೇಳಿದರೆ ಅರ್ಥ ಕೆಡುವುದಿಲ್ಲ. ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ಹೊರದೇಶದವರಿಗೆ ಬರೆದರೆ ಕೆಲವೊಮ್ಮೆ ಅಂಕಕ್ಕಿಂತ ಹೆಚ್ಚಿನದು ಹೋಗುತ್ತದೆ. ಅದನ್ನು ಮುಂದಿನ ಪ್ರಶ್ನೆಯಲ್ಲಿ ನೋಡಿ.

‘ಆನ್ ಮಂಡೇ ಓನ್ಲಿ’ ಎಂದು ಬರೆದದ್ದಕ್ಕೆ ಗ್ರಾಹಕರು ಸಿಟ್ಟಾದರು. ನಾನೇನು ತಪ್ಪು ಮಾಡಿದೆ?

ಕೇಳಿದವನು ನನ್ನ ತರಗತಿಯ ಒಬ್ಬ ಹುಡುಗ. ವರದಿ ಯಾವಾಗ ಸಿಗುತ್ತದೆ ಎಂದು ಹೊರದೇಶದ ಗ್ರಾಹಕರು ಕೇಳಿದ್ದರು. ಇವನು ‘ಐ ವಿಲ್ ಸೆಂಡ್ ದ ರಿಪೋರ್ಟ್ ಆನ್ ಮಂಡೇ ಓನ್ಲಿ’ ಎಂದು ಉತ್ತರಿಸಿದ. ಮನಸ್ಸಿನಲ್ಲಿದ್ದದ್ದು “ಸೋಮವಾರವೇ ಕಳುಹಿಸುತ್ತೇನೆ, ತಡ ಮಾಡುವುದಿಲ್ಲ” ಎಂಬ ವಿನಯದ ಮಾತು. ಅವರು ಓದಿಕೊಂಡದ್ದು “ಸೋಮವಾರದ ತನಕ ಕಳುಹಿಸುವುದಿಲ್ಲ, ಬೇಕಾದರೆ ಕಾಯಿರಿ” ಎಂದು. ಭರವಸೆ ಕೊಡಲು ಹೋಗಿ ಉದ್ಧಟತನ ಮಾಡಿದಂತಾಯಿತು.

ಕಾಲವನ್ನು ಹೇಳುವ ಪದದ ಜತೆ ‘ಓನ್ಲಿ’ ಬಂದಾಗ ಇಂಗ್ಲಿಷಿನವರ ಕಿವಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಅರ್ಥ ಕೇಳಿಸುತ್ತದೆ: ಆ ದಿನ ಬಿಟ್ಟು ಬೇರೆ ದಿನ ಇಲ್ಲ, ಅಥವಾ ಆ ದಿನಕ್ಕಿಂತ ಮುಂಚೆ ಇಲ್ಲ. ‘ತಪ್ಪದೆ ಅಂದೇ’ ಎಂಬ ಅರ್ಥ ಮಾತ್ರ ಕೇಳಿಸುವುದಿಲ್ಲ. ಅವನು ಬರೆಯಬೇಕಿದ್ದದ್ದು ‘ಬೈ ಮಂಡೇ, ವಿದೌಟ್ ಫೇಲ್’ ಎಂದು. ಮುಂಚೆ ಆಗುವುದಿಲ್ಲ ಎಂದೇ ಹೇಳಬೇಕಿದ್ದರೆ ‘ನಾಟ್ ಅಂಟಿಲ್ ಮಂಡೇ’ ಎನ್ನಬಹುದು; ಅದರಲ್ಲಿ ಗೊಂದಲ ಇಲ್ಲ.

ಗಡಿಯಾರದ ವಿಷಯಕ್ಕೆ ಬಂದರೆ ‘ಇಟ್ಸ್ ಓನ್ಲಿ ನೈನ್’ ಎಂದರೆ “ಇನ್ನೂ ಒಂಬತ್ತು ಗಂಟೆ”. ‘ಇಟ್ಸ್ ಆಲ್ರೆಡಿ ನೈನ್’ ಎಂದರೆ “ಆಗಲೇ ಒಂಬತ್ತು”. ಗಂಟೆ ಒಂದೇ, ಆತುರ ಬೇರೆ. ‘ಓನ್ಲಿ ಯೆಸ್ಟರ್‌ಡೇ’ ಎಂದರೆ “ನಿನ್ನೆ ತಾನೇ”.

ಹಾಗಾದರೆ ನಮ್ಮ ‘ಏ’ಯನ್ನು ಇಂಗ್ಲಿಷಿಗೆ ತರುವುದು ಹೇಗೆ?

ಒಂದೇ ಪದದಿಂದ ಆಗುವುದಿಲ್ಲ. ಇಲ್ಲೇ ಎನ್ನಲು ‘ರೈಟ್ ಹಿಯರ್’. ಈಗಲೇ ಎನ್ನಲು ‘ರೈಟ್ ನೌ’. ಅದೇ ಬಸ್ ಎನ್ನಲು ‘ದ ಸೇಮ್ ಬಸ್’. ನಾನೇ ಮಾಡಿದೆ ಎನ್ನಲು ‘ಐ ಡಿಡ್ ಇಟ್ ಮೈಸೆಲ್ಫ್’. ಕದ್ದವನು ಅವನೇ ಎನ್ನಲು ‘ಇಟ್ ವಾಸ್ ಹಿಮ್’. ಗೊತ್ತೇ ಇರಲಿಲ್ಲ ಎನ್ನಲು ‘ಐ ಹ್ಯಾಡ್ ನೋ ಐಡಿಯಾ’. ಬಂದನೇ ಎಂದು ಪ್ರಶ್ನೆ ಮಾಡುವ ‘ಏ’ ಬೇರೆಯೇ ಇದೆ, ಅದನ್ನು ಇದಕ್ಕೆ ಸೇರಿಸಬೇಡಿ. ಬಹಳಷ್ಟು ಕಡೆ ಇಂಗ್ಲಿಷಿನವರು ಯಾವ ಪದವನ್ನೂ ಸೇರಿಸದೆ ದನಿ ಏರಿಸಿ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಒಂದು ಸ್ವರ ಮಾಡುವ ಕೆಲಸಕ್ಕೆ ಅವರಲ್ಲಿ ಇಷ್ಟು ಜನ ಆಳುಗಳು!

‘ಓನ್ಲಿ ರಮೇಶ್ ಕೇಮ್’ ಎಂದರೆ ರಮೇಶ ಬಂದ ಎಂದು ಹೇಳಿದಂತೆಯೋ, ಬೇರೆಯವರು ಬರಲಿಲ್ಲ ಎಂದು ಹೇಳಿದಂತೆಯೋ?

ಎರಡೂ. ಈ ಪ್ರಶ್ನೆ ಕೇಳಿದ ಹುಡುಗಿ ಲೆಕ್ಕ ಓದಿದವಳು. ಅವಳು ಎತ್ತಿದ್ದು ಏಳುನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಯುರೋಪಿನ ಮಧ್ಯಯುಗದ ತರ್ಕಶಾಸ್ತ್ರಿಗಳು ಲ್ಯಾಟಿನ್ ಭಾಷೆಯ ‘ತಾಂತುಮ್’, ‘ಸೋಲುಸ್’ ಎಂಬ ಪದಗಳನ್ನು ಹಿಡಿದು ಇದನ್ನೇ ಜಗ್ಗಾಡಿದ್ದರು. 13ನೆಯ ಶತಮಾನದ ವಿಲಿಯಂ ಆಫ್ ಶರ್ವುಡ್ ಈ ಎರಡು ಪದಗಳನ್ನು ಬೇರೆ ಬೇರೆಯಾಗಿಯೇ ಚರ್ಚಿಸಿದ್ದಾನೆ. ‘ಸಾಕ್ರಟೀಸ್ ಮಾತ್ರ ಓಡುತ್ತಿದ್ದಾನೆ’ ಎಂಬ ವಾಕ್ಯದ ಒಳಗೆ ಎರಡು ವಾಕ್ಯಗಳಿವೆ ಎಂಬುದು ಅವರ ಬಗೆ: ಸಾಕ್ರಟೀಸ್ ಓಡುತ್ತಿದ್ದಾನೆ, ಸಾಕ್ರಟೀಸನಲ್ಲದ ಯಾರೂ ಓಡುತ್ತಿಲ್ಲ. ಇತ್ತ ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದೂ ಅದೇ ಶತಮಾನದಲ್ಲಿ.

ಆ ಎರಡು ವಾಕ್ಯಗಳ ತೂಕ ಒಂದೇ ಅಲ್ಲ ಎಂಬುದನ್ನು 1969ರಲ್ಲಿ ಲಾರೆನ್ಸ್ ಹಾರ್ನ್ ಎಂಬ ಭಾಷಾವಿಜ್ಞಾನಿ ಎತ್ತಿ ತೋರಿಸಿದ. ನಿಷೇಧ ಸೇರಿಸಿದರೆ ಅದು ಹೊರಬೀಳುತ್ತದೆ. “ರಮೇಶ ಮಾತ್ರ ಬಂದದ್ದಲ್ಲ” ಎನ್ನಿ. ಬೇರೆಯವರು ಬರಲಿಲ್ಲ ಎಂಬುದು ಬಿದ್ದುಹೋಯಿತು. ರಮೇಶ ಬಂದ ಎಂಬುದು ಅಲ್ಲೇ ಉಳಿಯಿತು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದು ಒಂದೇ.

‘ಅವನೊಬ್ಬನೇ ಬಂದ’ ಎನ್ನಲು ‘ಓನ್ಲಿ’ ಬಳಸಬೇಕೋ ‘ಅಲೋನ್’ ಬಳಸಬೇಕೋ?

ಮೊದಲು ನೀವು ಹೇಳುತ್ತಿರುವುದು ಏನು ಎಂದು ತೀರ್ಮಾನಿಸಿ. ಕನ್ನಡದ ಈ ವಾಕ್ಯವೇ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. ಹತ್ತು ಜನರನ್ನು ಕರೆದಿದ್ದೆವು, ಬಂದವನು ಅವನೊಬ್ಬನೇ ಎಂದಾದರೆ ‘ಓನ್ಲಿ ಹೀ ಕೇಮ್’ ಅಥವಾ ‘ಹೀ ಅಲೋನ್ ಕೇಮ್’. ಹೆಂಡತಿ ಮಕ್ಕಳನ್ನು ಬಿಟ್ಟು ಒಂಟಿಯಾಗಿ ಬಂದ ಎಂದಾದರೆ ‘ಹೀ ಕೇಮ್ ಅಲೋನ್’. ‘ಅಲೋನ್’ ಕ್ರಿಯಾಪದದ ಈ ಕಡೆ ಇದೆಯೋ ಆ ಕಡೆ ಇದೆಯೋ ಎಂಬುದರ ಮೇಲೆ ಇಡೀ ಕಥೆ ನಿಂತಿದೆ.

‘ಆನ್ ಓನ್ಲಿ ಚೈಲ್ಡ್’, ‘ಓನ್ಲಿ ಎ ಚೈಲ್ಡ್’ – ಎರಡೂ ಒಂದೇ ಅಲ್ಲವೇ?

ಅಲ್ಲ. ‘ಶೀ ಈಸ್ ಓನ್ಲಿ ಎ ಚೈಲ್ಡ್’ ಎಂದರೆ “ಅವಳಿನ್ನೂ ಮಗು, ಬಿಟ್ಟುಬಿಡಿ”. ‘ಶೀ ಈಸ್ ಆನ್ ಓನ್ಲಿ ಚೈಲ್ಡ್’ ಎಂದರೆ ಅಣ್ಣ ತಮ್ಮ, ಅಕ್ಕ ತಂಗಿ ಯಾರೂ ಇಲ್ಲದ ಒಬ್ಬಳೇ ಮಗಳು; ಅವಳಿಗೆ ಅರವತ್ತು ವರ್ಷವಾದರೂ ಹಾಗೆ ಹೇಳಬಹುದು. ‘ಶೀ ಈಸ್ ದ ಓನ್ಲಿ ಚೈಲ್ಡ್ ಹಿಯರ್’ ಎಂದರೆ ಇಲ್ಲಿರುವವರಲ್ಲಿ ಮಗು ಅವಳೊಬ್ಬಳೇ. ವಧೂವರರ ಜಾಹೀರಾತಿನಲ್ಲಿ ‘ಓನ್ಲಿ ಸನ್’ ಎಂದು ಹಾಕುವಾಗ ಆ ಎರಡು ಪದಗಳಲ್ಲಿ ಮನೆ, ಜಮೀನು, ಅತ್ತೆ ಮಾವನ ಆರೈಕೆ ಎಲ್ಲವೂ ಅಡಗಿರುತ್ತವೆ. ಅದು ವ್ಯಾಕರಣದ ವಿಷಯವಲ್ಲ, ಬಿಡಿ.

ಇಲ್ಲಿ ‘ಓನ್ಲಿ’ ಗುಣವಾಚಕ. ‘ಓನ್ಲಿ’ ಎಂದರೆ ಒಂದೇ ಎಂದು ತಿಳಿದು ಬಹುವಚನಕ್ಕೆ ಹೆದರಬೇಡಿ. ‘ದ ಓನ್ಲಿ ಟೂ ಬಸಸ್’ ಎನ್ನಬಹುದು: ಇರುವ ಎರಡೇ ಬಸ್.

‘ಓನ್ಲಿ ಫ್ಯೂ ಪೀಪಲ್ ಕೇಮ್’ ಸರಿಯೇ?

‘ಓನ್ಲಿ ಎ ಫ್ಯೂ’. ನಡುವೆ ‘ಎ’ ಬೇಕೇ ಬೇಕು. ‘ಫ್ಯೂ’ ಒಂದೇ ಇದ್ದರೆ ಅದರೊಳಗೇ ಕೊರತೆಯ ಧ್ವನಿ ಇದೆ. ಅದಕ್ಕೆ ‘ಓನ್ಲಿ’ಯ ಹಂಗಿಲ್ಲ. ‘ಎ ಫ್ಯೂ’ಗೆ ಆ ಕೊರತೆ ಇಲ್ಲ. ಅದನ್ನು ಕುಗ್ಗಿಸಲೆಂದೇ ‘ಓನ್ಲಿ’ ಬರುವುದು. ‘ಲಿಟ್ಲ್’ಗೂ ಇದೇ ನ್ಯಾಯ: ‘ಓನ್ಲಿ ಎ ಲಿಟ್ಲ್ ಮಿಲ್ಕ್’. ಇದನ್ನು ವಾರಕ್ಕೆ ಹತ್ತು ಸಲ ತಿದ್ದುತ್ತೇನೆ.

ವಾಕ್ಯ ‘ಓನ್ಲಿ’ಯಿಂದ ಶುರುವಾದರೆ ‘ಡಿಡ್’ ಮುಂದೆ ಬರುವುದೇಕೆ?

‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್.’ ಆಗಲೇ ನನಗೆ ಅರ್ಥವಾದದ್ದು. ಪ್ರಶ್ನೆಯಲ್ಲದಿದ್ದರೂ ಪ್ರಶ್ನೆಯ ವೇಷ. ‘ಓನ್ಲಿ’ಯ ಹೊಟ್ಟೆಯೊಳಗೆ ಒಂದು ‘ಇಲ್ಲ’ ಕುಳಿತಿರುವುದೇ ಇದಕ್ಕೆ ಕಾರಣ: ಅದಕ್ಕೆ ಮುಂಚೆ ಅರ್ಥವಾಗಿರಲಿಲ್ಲ. ‘ನೆವರ್’, ‘ಸೆಲ್ಡಮ್’ ಮುಂದೆ ಬಂದಾಗಲೂ ಇಂಗ್ಲಿಷ್ ವಾಕ್ಯ ಹೀಗೆಯೇ ತಿರುಗಿಕೊಳ್ಳುತ್ತದೆ.

ಆದರೆ ‘ಓನ್ಲಿ’ ಕರ್ತೃಪದಕ್ಕೆ ಸೇರಿದ್ದರೆ ತಿರುಗಿಸಬೇಡಿ. ‘ಓನ್ಲಿ ಲತಾ ಅಂಡರ್‌ಸ್ಟುಡ್’ ಸರಿ; ‘ಓನ್ಲಿ ಲತಾ ಡಿಡ್ ಶೀ’ ಎಂದೆಲ್ಲ ಕಸರತ್ತು ಬೇಡ. ‘ಓನ್ಲಿ ಆಫ್ಟರ್’ ಬಂದಾಗ ಜಾಗ್ರತೆ ಇರಲಿ. ತಿರುಗುವುದು ಎರಡನೆಯ ತುಂಡು: ‘ಓನ್ಲಿ ಆಫ್ಟರ್ ದ ಬಸ್ ಲೆಫ್ಟ್ ಡಿಡ್ ಹೀ ಅರೈವ್.’ ಮೊದಲ ತುಂಡನ್ನು ತಿರುಗಿಸುವವರೇ ಹೆಚ್ಚು.

‘ನಾಟ್ ಓನ್ಲಿ… ಬಟ್ ಆಲ್ಸೋ’ ಬಳಸುವಾಗ ಏನನ್ನು ನೋಡಬೇಕು?

ತಕ್ಕಡಿಯ ಎರಡು ತಟ್ಟೆಯಲ್ಲಿ ಒಂದೇ ಜಾತಿಯ ಸರಕು ಇರಬೇಕು. ‘ಶೀ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು.’ ಇತ್ತ ಕನ್ನಡ, ಅತ್ತ ತುಳು. ‘ಶೀ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ತುಳು’ ಎಂದರೆ ಇತ್ತ ಮಾತಾಡುವುದು, ಅತ್ತ ತುಳು, ತಕ್ಕಡಿ ವಾಲುತ್ತದೆ. ಎರಡು ಕರ್ತೃಗಳಿದ್ದರೆ ಕ್ರಿಯಾಪದ ಹತ್ತಿರದವನ ಮಾತು ಕೇಳುತ್ತದೆ: ‘ನಾಟ್ ಓನ್ಲಿ ದ ಟೀಚರ್ ಬಟ್ ಆಲ್ಸೋ ದ ಸ್ಟೂಡೆಂಟ್ಸ್ ವರ್ ಲೇಟ್.’

‘ಓನ್ಲಿ ಇಫ್’ಗೂ ‘ಇಫ್ ಓನ್ಲಿ’ಗೂ ವ್ಯತ್ಯಾಸ ಇದೆಯೇ?

ಮೊದಲನೆಯದು ಷರತ್ತು, ಎರಡನೆಯದು ನಿಟ್ಟುಸಿರು. ‘ಯು ಕ್ಯಾನ್ ಎಂಟರ್ ಓನ್ಲಿ ಇಫ್ ಯು ಹ್ಯಾವ್ ಎ ಟಿಕೆಟ್’ ಎಂದರೆ ಟಿಕೆಟ್ ಇದ್ದರೆ ಮಾತ್ರ ಪ್ರವೇಶ. ‘ಇಫ್ ಓನ್ಲಿ ಐ ಹ್ಯಾಡ್ ಎ ಟಿಕೆಟ್!’ ಎಂದರೆ “ಅಯ್ಯೋ, ಒಂದು ಟಿಕೆಟ್ ಇದ್ದಿದ್ದರೆ!”

ಷರತ್ತಿನಲ್ಲಿ ಒಂದು ಸೂಕ್ಷ್ಮ ಇದೆ. ‘ಟಿಕೆಟ್ ಇದ್ದರೆ ಬಿಡುತ್ತೇವೆ’ ಎಂದರೆ ಟಿಕೆಟ್ ಸಾಕು. ‘ಟಿಕೆಟ್ ಇದ್ದರೆ ಮಾತ್ರ ಬಿಡುತ್ತೇವೆ’ ಎಂದರೆ ಟಿಕೆಟ್ ಬೇಕು. ಸಾಕೋ ಇಲ್ಲವೋ ಹೇಳಿಲ್ಲ. ಸಭಾಂಗಣ ತುಂಬಿದೆ ಎಂದು ಬಾಗಿಲಲ್ಲೇ ತಡೆದರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ. ಸಾಕೂ ಹೌದು, ಬೇಕೂ ಹೌದು ಎನ್ನಬೇಕಾದಾಗ ಗಣಿತದವರು ‘ಇಫ್ ಆಂಡ್ ಓನ್ಲಿ ಇಫ್’ ಎನ್ನುತ್ತಾರೆ. ವಿಮೆ, ವಿದ್ಯಾರ್ಥಿವೇತನ, ರಿಯಾಯಿತಿಗಳ ಷರತ್ತು ಓದುವಾಗ ಈ ‘ಬೇಕು–ಸಾಕು’ ನೆನಪಿರಲಿ.

ಚೆಕ್ಕಿನಲ್ಲಿ ಮೊತ್ತದ ಕೊನೆಗೆ ‘ಓನ್ಲಿ’ ಬರೆಯುವುದೇಕೆ?

ಅಲ್ಲಿ ಅದು ಬೀಗ. ‘ಐದು ಸಾವಿರ’ ಎಂದು ಬರೆದು ಜಾಗ ಬಿಟ್ಟರೆ, ಚೆಕ್ ಕೈಗೆ ಸಿಕ್ಕವನು ಅದರ ಮುಂದೆ ‘ಒಂಬೈನೂರು’ ಸೇರಿಸಿಯಾನು. ‘ಓನ್ಲಿ’ ಅಥವಾ ‘ಮಾತ್ರ’ ಎಂದು ಬರೆದು ಗೆರೆ ಎಳೆದರೆ ಬಾಗಿಲು ಮುಚ್ಚಿದಂತೆ. ಅಕ್ಷರಗಳಿಗೆ ಇಷ್ಟು ಕಾವಲು ಏಕೆಂದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೆ ಅಕ್ಷರದಲ್ಲಿರುವ ಮೊತ್ತವೇ ಮಾನ್ಯ. ಚೆಕ್ಕಿನ ಮೂಲೆಯ ‘ಅಕೌಂಟ್ ಪೇಯೀ ಓನ್ಲಿ’ ಬೇರೆ ಬೀಗ. ಹಣ ಆ ಹೆಸರಿನವರ ಖಾತೆಗೇ ಹೋಗಬೇಕು, ನಗದಾಗಿ ಯಾರ ಕೈಗೂ ಹೋಗಬಾರದು.

ಗಮನಿಸಿ, ಈ ಎರಡರಲ್ಲೂ ‘ಓನ್ಲಿ’ ಕೊನೆಗೆ ಬಂದಿದೆ. ‘ಸ್ಟಾಫ್ ಓನ್ಲಿ’, ‘ಲೇಡೀಸ್ ಓನ್ಲಿ’ ಎಂಬ ಫಲಕಗಳಲ್ಲೂ ಹಾಗೆಯೇ. ಆದ್ದರಿಂದ ‘ಓನ್ಲಿ’ ಹಿಂದೆ ಬಂದದ್ದೆಲ್ಲ ಭಾರತೀಯರ ತಪ್ಪು ಎಂದು ತೀರ್ಪು ಕೊಡುವವರಿಗೆ ಇಂಗ್ಲೆಂಡಿನ ಯಾವುದಾದರೂ ಬಾಗಿಲನ್ನು ತೋರಿಸಬಹುದು. ಬೇಲಿ ಹಾಕುವ ‘ಓನ್ಲಿ’ ಹಿಂದೆಯೂ ಬರಬಹುದು. ಬರಿಯ ಒತ್ತಿನ ‘ಓನ್ಲಿ’ ಮಾತ್ರ ನಮ್ಮದು.

ಇನ್ನೂ ಬೇರೆ ವೇಷಗಳಿವೆಯೇ?

ಇವೆ, ಚಿಕ್ಕವು. ‘ಐ ವುಡ್ ಕಮ್, ಓನ್ಲಿ ಐ ಹ್ಯಾವ್ ನೋ ಮನಿ’ ಎಂಬಲ್ಲಿ ಅದು ‘ಆದರೆ’. ಮಾತಿನಲ್ಲಿ ಚೆಂದ, ಅರ್ಜಿಯಲ್ಲಿ ಬೇಡ. ‘ಓನ್ಲಿ ಟು ಫೈಂಡ್’ ಎಂಬುದರಲ್ಲಿ ನಿರಾಸೆ ಇದೆ: ಓಡಿ ಓಡಿ ನಿಲ್ದಾಣಕ್ಕೆ ಹೋದ, ನೋಡಿದರೆ ರೈಲು ಹೊರಟುಹೋಗಿತ್ತು. ‘ಓನ್ಲಿ ಟೂ ಗ್ಲ್ಯಾಡ್’ ಎಂದರೆ ‘ಮಾತ್ರ’ಕ್ಕೆ ಪೂರಾ ತಿರುಗುಮುರುಗು, ಬಹಳ ಸಂತೋಷ ಎಂದರ್ಥ.

ಒಂದೇ ವಾಕ್ಯದಲ್ಲಿ ಎರಡು ‘ಓನ್ಲಿ’ ಬರಬಹುದೇ?

ಬರಬಹುದು. ‘ಓನ್ಲಿ ಗಿರಿಜಾ ಸೆಲ್ಸ್ ಓನ್ಲಿ ಇಡ್ಲಿ.’ ಇಡ್ಲಿಯನ್ನಷ್ಟೇ ಮಾರುವವಳು ಗಿರಿಜೆಯೊಬ್ಬಳೇ. ಇದರಿಂದ ಪಕ್ಕದ ಅಂಗಡಿಗಳಲ್ಲಿ ಇಡ್ಲಿ ಸಿಗುವುದಿಲ್ಲ ಎಂದು ತಿಳಿದುಕೊಂಡರೆ ಕೆಟ್ಟಿರಿ. ಅಲ್ಲಿಯೂ ಇಡ್ಲಿ ಇರಬಹುದು. ಅದರ ಜತೆಗೆ ವಡೆಯೋ ದೋಸೆಯೋ ಇರುತ್ತದೆ, ಇಲ್ಲವೇ ಇಡ್ಲಿಯೇ ಇಲ್ಲದೆ ಬೇರೇನೋ ಇರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ತರಗತಿ ಅರ್ಧ ಗಂಟೆ ತಡವಾಗಿ ಬಿಟ್ಟಿತು. ಎಲ್ಲರಿಗೂ ಹಸಿವೆಯಾಗಿತ್ತು.